ನೆಲದ ಮೇಲೆ ನಿಂತು ಸೆಲ್ಫ್‌ಗೆ ಸ್ಕ್ರೂಡ್ರೈವರ್ ಹಚ್ಚಬೇಡಿ

ಹಳೆಯ ಮಿನಿ ಟ್ರ್ಯಾಕ್ಟರ್ ತಂದು ಮನೆಯಲ್ಲೇ ಬಿಚ್ಚಿ ಸರಿಪಡಿಸುತ್ತಿರುವವರು, ಹಾಗೆ ಮಾಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನನ್ನ ಕಾಕಾ ಈಗ ಎಡಗಾಲು ಎಳೆದು ನಡೆಯುತ್ತಾರೆ. ಅವರ ಪಾದದ ಮೇಲೆ ಹರಿದದ್ದು ನಾನೇ ಜೋಡಿಸಿದ ಟ್ರ್ಯಾಕ್ಟರ್. ಅದನ್ನು ಹೊರಡಿಸಿದ್ದು, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿಗೆ ನಾನು ಹಚ್ಚಿದ ಸ್ಕ್ರೂಡ್ರೈವರ್. ಇದನ್ನು ಬರೆಯಬೇಕು ಎಂದುಕೊಳ್ಳುತ್ತಲೇ ಬಹಳ ದಿನ ಸುಮ್ಮನಿದ್ದೆ. ಕಳೆದ ವಾರ ಪಕ್ಕದ ಊರಿನ ಹುಡುಗನೊಬ್ಬ ಹೀಗೆಯೇ ದೊಡ್ಡ ಗಾಲಿಯ ಮುಂದೆ ನಿಂತು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವುದನ್ನು ಕಣ್ಣಾರೆ ಕಂಡೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕು, ದ್ರಾಕ್ಷಿಯ ಸೀಮೆ. ಪಡದ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ತಂದರೆ ಬಳ್ಳಿಗೂ ತಾಗುತ್ತದೆ, ಕಂಬಕ್ಕೂ ತಾಗುತ್ತದೆ. ಅದಕ್ಕೇ ನಮ್ಮ ಕಡೆ ಹದಿನೆಂಟು, ಇಪ್ಪತ್ತು ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್‌ಗಳಿಗೆ ಬೇಡಿಕೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಮೋಡ ಮುಸುಕಿದರೆ, ಇಬ್ಬನಿ ಬಿದ್ದರೆ, ದಾವಣಿ ರೋಗ ಎಲೆಗೆ ಹತ್ತಲು ತಡವಿಲ್ಲ. ಆಗ ಬ್ಲೋವರ್ ಕಟ್ಟಿಕೊಂಡು ಮೇಲಿಂದ ಮೇಲೆ ಔಷಧ ಹೊಡೆಯಬೇಕು. ಬಾಡಿಗೆ ಟ್ರ್ಯಾಕ್ಟರ್ ನಮಗೆ ಬೇಕಾದ ದಿನ ಸಿಗುವುದಿಲ್ಲ, ಏಕೆಂದರೆ ಅದೇ ದಿನ ಅದು ಊರಿಗೆಲ್ಲ ಬೇಕು. ಹೀಗಾಗಿ 2023ರ ಶ್ರಾವಣದಲ್ಲಿ ಅಥಣಿ ಕಡೆಯ ರೈತರೊಬ್ಬರ ದನದ ಕೊಟ್ಟಿಗೆಯ ಪಕ್ಕದಲ್ಲಿ ನಾಲ್ಕು ವರ್ಷದಿಂದ ನಿಂತಿದ್ದ ಮಿನಿ ಟ್ರ್ಯಾಕ್ಟರ್ ಒಂದನ್ನು ಕೊಂಡು ತಂದೆವು. ಕಂಪನಿಯ ಹೆಸರು ಬೇಡ, ತಪ್ಪು ಯಂತ್ರದ್ದಲ್ಲ. ಕಾಗದಪತ್ರ ಸರಿಯಾಗಿದ್ದವು, ಚಾಸಿಸ್ ನಂಬರ್ ತಾಳೆಯಾಯಿತು. ಕೊಳ್ಳುವಾಗ ನೋಡಬೇಕಾದದ್ದನ್ನೆಲ್ಲ ನೋಡಿಯೇ ಕೊಂಡೆವು.

ನನಗೆ ಪಾನಾ ಹಿಡಿಯುವ ಕೆಲಸ ಹೊಸದಲ್ಲ. ಹತ್ತು ವರ್ಷ ಪಂಪ್‌ಸೆಟ್ ಎಂಜಿನ್‌ಗಳನ್ನು ಬಿಚ್ಚಿ ಕಟ್ಟಿದ್ದೇನೆ. ತಗಡಿನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಸಂಜೆ ಹೊತ್ತು ನಾನು, ಕಾಕಾ ಇಬ್ಬರೂ ಕೂಡುತ್ತಿದ್ದೆವು. ಅವರಿಗೆ ಹಳೆಯ ಯಂತ್ರವೆಂದರೆ ಪ್ರಾಣ. ತುಕ್ಕು ಹಿಡಿದ ಒಂದೊಂದು ಬೋಲ್ಟನ್ನೂ ಡೀಸೆಲ್ಲಿನಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಿಂದ ಉಜ್ಜಿ, ಹಳೆಯ ಧೋತರದ ತುಂಡಿನಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದರು. ಟ್ಯಾಂಕಿನ ತಳದಲ್ಲಿ ಕೆಸರು ಕೂತಿತ್ತು, ತೆಗೆದೆವು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ವಿಜಯಪುರಕ್ಕೆ ಒಯ್ದು ಪರೀಕ್ಷೆ ಮಾಡಿಸಿ ತಂದೆವು. ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ: ಎಂಜಿನ್ ತಿರುಗುವಾಗ ನಾಜಲ್ ಪೈಪಿನಲ್ಲಿ ಸೋರಿಕೆ ಇದೆಯೇ ಎಂದು ಕೈಯಿಂದ ಸವರಿ ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗಿನಿಂದ ಸೂಜಿ ಚುಚ್ಚಿದಷ್ಟು ಗುರುತು ಮಾತ್ರ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಇದು ನನಗೆ ಗೊತ್ತಿತ್ತು, ಪಾಲಿಸಿದ್ದೆ. ಗೊತ್ತಿದ್ದೂ ಪಾಲಿಸದ್ದು ಬೇರೆ.

ವೈರಿಂಗ್ ಬಿಚ್ಚುವಾಗ ಕ್ಲಚ್ ಪೆಡಲ್ಲಿನ ಕೆಳಗೆ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು ಟೇಪ್ ಸುತ್ತಿದ್ದು ಕಂಡಿತು. ಟೇಪ್ ಅಂಟು ಬಿಟ್ಟು ಬೆಲ್ಲದ ಪಾಕದಂತಾಗಿತ್ತು. ಅಲ್ಲಿ ಒಂದು ಸಣ್ಣ ಸ್ವಿಚ್ ಇರಬೇಕಾಗಿತ್ತು. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕರೆಂಟ್ ಮೊದಲು ಈ ಸ್ವಿಚ್ಚಿಗೆ ಬಂದು, ಇಲ್ಲಿಂದ ಸೆಲ್ಫ್ ಮೋಟರ್ ಮೇಲಿನ ಸೊಲೆನಾಯ್ಡ್‌ಗೆ, ಅಂದರೆ ಮೋಟರಿಗೆ ಬ್ಯಾಟರಿಯ ಕರೆಂಟ್ ಜೋಡಿಸುವ ಭಾಗಕ್ಕೆ, ಹೋಗುತ್ತದೆ. ಕ್ಲಚ್ ಪೂರ್ತಿ ಒತ್ತಿದ ಹೊರತು ಸ್ವಿಚ್ ಕರೆಂಟ್ ಬಿಡುವುದಿಲ್ಲ. ಅಂದರೆ ಗೇರ್ ಬಿದ್ದಿದ್ದರೂ, ಸ್ಟಾರ್ಟ್ ಆಗುವ ಕ್ಷಣಕ್ಕೆ ಗಾಲಿ ತಿರುಗುವುದಿಲ್ಲ. ಹಿಂದಿನವರು ಸ್ವಿಚ್ ಕೆಟ್ಟಾಗ ಹೊಸದು ಹಾಕುವ ಬದಲು ವೈರುಗಳನ್ನೇ ಜೋಡಿಸಿಬಿಟ್ಟಿದ್ದರು. ನಾನು ಅದನ್ನು ನೋಡಿದೆ, ಏನೆಂದು ತಿಳಿಯಿತು, ‘ಇರಲಿ, ಆಮೇಲೆ ನೋಡೋಣ’ ಎಂದು ಬಿಟ್ಟೆ. ಕೀಲಿಯ ವೈರು ಸುಟ್ಟಿತ್ತು, ಅದನ್ನೂ ಆಮೇಲೆ ಎಂದೆ. ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ತುಂಡಾಗಿತ್ತು, ಹೊಸದು ತರುವುದು ಬಾಕಿ ಇತ್ತು. ಎಂಜಿನ್ನಿನ ದನಿ ಕೇಳುವ ಆತುರದಲ್ಲಿ ಬಾಕಿಯದೆಲ್ಲ ಚಿಲ್ಲರೆ ಕೆಲಸದಂತೆ ಕಾಣುತ್ತಿತ್ತು.

ಸೆಪ್ಟೆಂಬರ್ ಕೊನೆಗೆ ಎಂಜಿನ್ ಮೊದಲ ಸಲ ಹೊತ್ತಿಕೊಂಡಿತು. ಸೊಲೆನಾಯ್ಡ್ ಮೇಲೆ ಬ್ಯಾಟರಿಯ ದಪ್ಪ ವೈರು ಬಂದು ಕೂರುವ ಬೋಲ್ಟ್ ಒಂದಿರುತ್ತದೆ, ಕೀಲಿಯ ಸಣ್ಣ ವೈರು ಕೂರುವ ಬೋಲ್ಟ್ ಇನ್ನೊಂದು. ಇವೆರಡನ್ನೂ ಸ್ಕ್ರೂಡ್ರೈವರ್‌ನಿಂದ ಮುಟ್ಟಿಸಿದರೆ ಸಾಕು, ಕೀಲಿ ಬೇಡ, ಸ್ವಿಚ್ ಬೇಡ, ಕ್ಲಚ್ ಬೇಡ. ಟಕ್ಕೆಂದು ಕಿಡಿ ಹಾರುತ್ತದೆ, ಸೆಲ್ಫ್ ತಿರುಗುತ್ತದೆ. ನಮ್ಮ ಕಡೆ ಇದಕ್ಕೆ ‘ಡೈರೆಕ್ಟ್ ಕೊಡುವುದು’ ಎನ್ನುತ್ತಾರೆ. ಯಾವ ಗ್ಯಾರೇಜಿಗೆ ಹೋದರೂ ನೋಡಬಹುದು. ಮೂರು ವಾರ ನಾನು ಹಾಗೆಯೇ ಮಾಡಿದೆ. ಏನೂ ಆಗಲಿಲ್ಲ. ಏನೂ ಆಗದೇ ಇದ್ದುದೇ ದೊಡ್ಡ ಮೋಸ, ಭಯವೆಲ್ಲ ಹೋಗಿಬಿಟ್ಟಿತು.

ಆ ನಡುವೆ ಗೇರ್ ಬಾಕ್ಸಿನ ಆಯಿಲ್ ತೆಗೆದು ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ, ನೀರು ಸೇರಿತ್ತು. ಗೇರ್ ಲಿವರ್ ಇರುವ ಮೇಲಿನ ಮುಚ್ಚಳ ಬಿಚ್ಚಿ, ತೊಳೆದು, ಹೊಸ ಆಯಿಲ್ ಹಾಕಿ ಮುಚ್ಚಿದೆವು. ಇಲ್ಲೇ ನನ್ನ ಕೈ ತಪ್ಪಿತು. ಲಿವರಿನ ಕೆಳತುದಿಯಲ್ಲಿ ಗೋಲಿಯಂಥ ಗುಂಡು ಇರುತ್ತದೆ. ಗೇರುಗಳನ್ನು ಸರಿಸುವ ಫೋರ್ಕ್‌ಗಳ ಖಾಚಿನಲ್ಲಿ, ಅಂದರೆ ಕೊರೆದ ಸಂದಿನಲ್ಲಿ, ಅದು ಕೂರಬೇಕು, ಮುಚ್ಚಳ ಇಡುವಾಗ ಎಲ್ಲ ಫೋರ್ಕ್‌ಗಳೂ ನ್ಯೂಟ್ರಲ್‌ನಲ್ಲಿ ಒಂದೇ ಸಾಲಿನಲ್ಲಿರಬೇಕು. ತೊಳೆಯುವಾಗ ಒಂದು ಫೋರ್ಕ್ ಸರಿದು ಗೇರ್ ಬಿದ್ದಿತ್ತು. ಗುಂಡು ಖಾಚಿಗೆ ಸಿಕ್ಕಿರಲಿಲ್ಲ. ಮೇಲಿನಿಂದ ಲಿವರ್ ಅಲ್ಲಾಡಿಸಿದರೆ ಆ ಕಡೆ ಈ ಕಡೆ ಹಗುರಾಗಿ ಓಡಾಡುತ್ತಿತ್ತು, ಥೇಟ್ ನ್ಯೂಟ್ರಲ್‌ನಲ್ಲಿ ಇದ್ದಂತೆ.

ಕಾಕಾ ಅನುಮಾನಪಟ್ಟರು, ಅದನ್ನು ನಾನು ಇಲ್ಲಿ ಬರೆಯಲೇಬೇಕು. ಹಿಂದಿನ ಎರಡೂ ಗಾಲಿಗಳು ಜಾಕ್ ಮೇಲೆ ಎತ್ತಿದ್ದಾಗ ಒಂದು ಗಾಲಿ ತಿರುಗಿಸಿ, “ಹಗುರಾಗಿ ತಿರುಗುತ್ತದಪ್ಪ, ನ್ಯೂಟ್ರಲ್ ಇದೆ” ಎಂದರು. ನಾನೂ ಹೌದೆಂದೆ. ಆ ಪರೀಕ್ಷೆಯೇ ಸುಳ್ಳು. ಎರಡೂ ಗಾಲಿ ನೆಲ ಬಿಟ್ಟಿದ್ದರೆ ಗೇರ್ ಬಿದ್ದಿದ್ದರೂ ಒಂದು ಗಾಲಿ ತಿರುಗುತ್ತದೆ, ಹಿಂದಿನ ಎರಡು ಗಾಲಿಗಳ ನಡುವಿನ ಡಿಫರೆನ್ಷಿಯಲ್ ಗೇರುಗಳಿಂದಾಗಿ ಆಚೆಯ ಗಾಲಿ ಹಿಂದುಮುಂದಾಗಿ ತಿರುಗಿ ಅದಕ್ಕೆ ದಾರಿ ಕೊಡುತ್ತದೆ. ಆಚೆಯ ಗಾಲಿಯ ಕಡೆ ನಾವು ಇಬ್ಬರೂ ನೋಡಲಿಲ್ಲ. ಸರಿಯಾಗಿ ನೋಡಬೇಕೆಂದರೆ ನಾಲ್ಕೂ ಗಾಲಿ ಸಮತಟ್ಟಾದ ನೆಲದ ಮೇಲಿಟ್ಟು, ಬ್ರೇಕ್ ಬಿಟ್ಟು, ಹಿಂದಿನಿಂದ ಇಬ್ಬರು ನೂಕಿ ನೋಡಬೇಕು. ಉರುಳದಿದ್ದರೆ ಗೇರಿನಲ್ಲಿದೆ ಎಂದೇ ತಿಳಿಯಿರಿ. ಒಂದು ನಿಮಿಷದ ಕೆಲಸ.

ಅಕ್ಟೋಬರ್ 15, ಭಾನುವಾರ. ಮನೆಯಲ್ಲಿ ನವರಾತ್ರಿಯ ಘಟ ಸ್ಥಾಪನೆಯ ಗಡಿಬಿಡಿ. ಖಂಡೆ ಪೂಜೆಯ (ಆಯುಧ ಪೂಜೆಯ) ಹೊತ್ತಿಗೆ ಟ್ರ್ಯಾಕ್ಟರ್‌ಗೆ ಬಣ್ಣ ಬಳಿದು ನಿಲ್ಲಿಸಬೇಕೆಂದು ಕಾಕಾನ ಆಸೆ. ಗಾಲಿ ಕೆಳಗಿಳಿಸಿ, ಜಾಕ್ ತೆಗೆದು, ಎಂದಿನಂತೆ ನಾನು ಎಂಜಿನ್ನಿನ ಪಕ್ಕ ಬಗ್ಗಿದೆ. ಸಣ್ಣ ಟ್ರ್ಯಾಕ್ಟರಿನಲ್ಲಿ ಸೆಲ್ಫ್ ಇರುವ ಜಾಗಕ್ಕೂ ಹಿಂದಿನ ಗಾಲಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೇ ಅಂತರ. ಡೀಸೆಲ್ ಪೈಪ್ ಸೋರುತ್ತದೆಯೇ ನೋಡಲು ಕಾಕಾ ನನ್ನ ಪಕ್ಕದಲ್ಲೇ, ಗಾಲಿಗೆ ಬೆನ್ನು ಹಾಕಿ ನಿಂತಿದ್ದರು. ಚಪ್ಪಲಿ ಸಹ ಇರಲಿಲ್ಲ.

ಸ್ಕ್ರೂಡ್ರೈವರ್ ಹಚ್ಚಿದೆ. ಟಕ್ ಎಂದಿತು. ಎಂಜಿನ್ ಹೊತ್ತಿಕೊಳ್ಳುವ ಮೊದಲೇ ಸೆಲ್ಫ್‌ನ ಬಲಕ್ಕೆ ಟ್ರ್ಯಾಕ್ಟರ್ ಮುಂದಕ್ಕೆ ಜಿಗಿಯಿತು. ಮಡ್‌ಗಾರ್ಡ್ ನನ್ನ ಭುಜಕ್ಕೆ ಬಡಿದು ನಾನು ಗೋಡೆಯ ಕಡೆ ಬಿದ್ದೆ. ಕಾಕಾನ ಹಿಮ್ಮಡಿಯಿಂದ ಗಾಲಿ ಹತ್ತಿತು. ಅವರು ಕೂಗಲಿಲ್ಲ. ‘ಹಾ’ ಎಂದು ಉಸಿರು ಬಿಟ್ಟರಷ್ಟೇ, ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಟೈರಿನ ಏಣುಗಳು ಪಾದದ ಮೇಲೆ ಒಂದೊಂದಾಗಿ ಹಾದು ಹೋದವು. ಟ್ರ್ಯಾಕ್ಟರ್ ಎದುರಿನ ಕಲ್ಲು ಕಂಬಕ್ಕೆ ಹೋಗಿ ತಾಗಿ ಅಲ್ಲೇ ನಿಂತಿತು. ನಿಂತಿತು ಎಂದರೆ ಎಂಜಿನ್ ನಿಲ್ಲಲಿಲ್ಲ, ಹಿಂದಿನ ಗಾಲಿಗಳು ನಿಂತಲ್ಲೇ ಮಣ್ಣು ಕೆದರುತ್ತಿದ್ದವು.

ಓಡಿ ಹೋಗಿ ಕೀಲಿ ತಿರುಗಿಸಿದೆ. ಒಂದು ಸಲ, ಎರಡು ಸಲ. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಅದಕ್ಕೆ ಕರೆಂಟ್ ಬೇಕಿಲ್ಲ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಓಡುತ್ತಲೇ ಇರುತ್ತದೆ. ಡೀಸೆಲ್ ನಿಲ್ಲಿಸಿದರೆ ಮಾತ್ರ ನಿಲ್ಲುತ್ತದೆ. ಅದಕ್ಕೆ ಇರುವುದೇ ಸ್ಟಾಪ್ ಕೇಬಲ್. ಅದು ನಮ್ಮಲ್ಲಿ ಇರಲಿಲ್ಲ. ಕೇಬಲ್ ಇಲ್ಲದಿದ್ದರೂ ಡೀಸೆಲ್ ಪಂಪಿನ ಮೇಲಿರುವ ಸಣ್ಣ ಲಿವರನ್ನು ಬೆರಳಿನಿಂದ ಸರಿಸಿದರೆ ಎಂಜಿನ್ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಮೂರು ವಾರದಿಂದ ಹಾಗೆಯೇ ನಿಲ್ಲಿಸುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ಕೈ ಕೀಲಿಗೇ ಹೋಯಿತು. ಕಾಕಾ ನೆಲದ ಮೇಲೆ ಕೂತೇ, “ಪಂಪಿನ ಲಿವರ್, ತಮ್ಮಾ” ಎಂದು ಹೇಳಿದ ಮೇಲೆ ನನಗೆ ಎಚ್ಚರ ಬಂತು.

ವಿಜಯಪುರದ ಆಸ್ಪತ್ರೆಯಲ್ಲಿ ಪಾದದ ಮೂರು ಎಲುಬು ಮುರಿದಿವೆ, ಹಿಮ್ಮಡಿಯ ಚರ್ಮ ಕಿತ್ತಿದೆ ಎಂದರು. ಎರಡು ಶಸ್ತ್ರಚಿಕಿತ್ಸೆ ಆದವು, ತೊಡೆಯ ಚರ್ಮ ತೆಗೆದು ಹಚ್ಚಿದರು. ದಸರೆಯ ದಿನ ಊರಿನವರು ಬನ್ನಿ ತೆಗೆದುಕೊಂಡು ಆಸ್ಪತ್ರೆಗೇ ಬಂದರು. ಕಾಕಾ ಮಲಗಿದಲ್ಲೇ ಎಲ್ಲರ ಕೈಗೂ ಬನ್ನಿ ಕೊಟ್ಟರು, ನನ್ನ ಕೈಗೂ ಕೊಟ್ಟರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಆ ವರ್ಷದ ಚಾಟ್ನಿ ಹಿಂದೆ ಬಿತ್ತು, ಬೆಳೆಯ ಲೆಕ್ಕ ಇಲ್ಲಿ ಬೇಡ.

ಟ್ರ್ಯಾಕ್ಟರನ್ನು ಗುಜರಿಗೆ ಹಾಕಬೇಕೆಂದಿದ್ದೆ, ಕಾಕಾ ಬಿಡಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದೆ, ಈ ಸಲ ತಿರುವುಮುರುವಾಗಿ. ಮೊದಲು ಬ್ರೇಕ್, ಆಮೇಲೆ ಸ್ಟಾಪ್ ಕೇಬಲ್, ಆಮೇಲೆ ಕೀಲಿ ಮತ್ತು ಹೊಸ ಕ್ಲಚ್ ಸ್ವಿಚ್. ಎಂಜಿನ್ನಿಗೆ ಕೈ ಹಚ್ಚಿದ್ದು ಕೊನೆಗೆ. ಆ ಸ್ವಿಚ್ಚಿಗೆ ನಾನು ಕೊಟ್ಟದ್ದು ನಾಲ್ಕು ನೂರು ರೂಪಾಯಿಯೂ ಅಲ್ಲ. ಗೇರ್ ಮುಚ್ಚಳವನ್ನು ಅನುಭವಸ್ಥ ಮಿಸ್ತ್ರಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂರಿಸಿದೆ. ಸೊಲೆನಾಯ್ಡ್‌ನ ಬೋಲ್ಟುಗಳ ಮೇಲೆ ಹಳೆಯ ಟ್ಯೂಬಿನ ರಬ್ಬರ್ ಹೊದಿಸಿ, ತಗಡಿನ ಡಬ್ಬಿ ಮಾಡಿ ಸ್ಕ್ರೂ ಹಾಕಿ ಮುಚ್ಚಿದ್ದೇನೆ. ಬೇಕೆಂದರೂ ಅಲ್ಲಿಗೆ ಯಾರ ಸ್ಕ್ರೂಡ್ರೈವರೂ ಹೋಗದು. ಅದು ಸ್ಟಾರ್ಟ್ ಆಗಬೇಕಾದರೆ ಸೀಟಿನ ಮೇಲೆ ಕೂತು ಕ್ಲಚ್ ಒತ್ತಲೇಬೇಕು. ಬ್ಯಾಟರಿ ಇಳಿದರೆ ಬ್ಯಾಟರಿ ಚಾರ್ಜ್ ಮಾಡಿಸುತ್ತೇವೆ, ಸೆಲ್ಫ್ ಕೆಟ್ಟರೆ ಸೆಲ್ಫ್ ಬಿಚ್ಚುತ್ತೇವೆ, ಅಷ್ಟರಮಟ್ಟಿಗೆ ಕೆಲಸ ನಿಂತರೆ ನಿಲ್ಲಲಿ.

ಮನೆಯಲ್ಲಿ ಯಂತ್ರ ಬಿಚ್ಚುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ಕೆಲಸದ ಸುಖ ನನಗೂ ಗೊತ್ತು. ಆದರೆ ಅರ್ಧ ಜೋಡಿಸಿದ ಟ್ರ್ಯಾಕ್ಟರನ್ನು ‘ಸುಮ್ಮನೆ ಒಂದು ಸಲ ನೋಡೋಣ’ ಎಂದು ಸ್ಟಾರ್ಟ್ ಮಾಡುವ ಆಸೆ ನಿಮಗೂ ಬರುತ್ತದೆ. ಬಂದಾಗ ಹಿಂದಿನ ಗಾಲಿಯ ಮುಂದೆ ಯಾರ ಕಾಲು ಇದೆ ನೋಡಿ. ನಿಲ್ಲಿಸುವುದು ಹೇಗೆಂದು ಪಕ್ಕದಲ್ಲಿರುವವರಿಗೂ ತೋರಿಸಿರಿ, ಬಾಯಿಯಿಂದ ಹೇಳಿದರೆ ಸಾಲದು, ಅವರ ಕೈಯಿಂದಲೇ ಒಮ್ಮೆ ನಿಲ್ಲಿಸಿ ನೋಡಿಸಿರಿ.

ನಮ್ಮ ಊರಿನಲ್ಲಿ ಎಣಿಸಿದರೆ ಹೀಗೆ ‘ಡೈರೆಕ್ಟ್’ ಕೊಟ್ಟು ಸ್ಟಾರ್ಟ್ ಮಾಡುವ ಟ್ರ್ಯಾಕ್ಟರ್‌ಗಳು ಐದು ಇದ್ದವು. ಒಂದಕ್ಕಂತೂ ಸ್ಟೇರಿಂಗ್‌ಗೆ ದಾರ ಕಟ್ಟಿ ಸ್ಕ್ರೂಡ್ರೈವರ್ ತೂಗುಹಾಕಿದ್ದರು. ಭಾನುವಾರಗಳಂದು ಅವರವರ ಮನೆಗೆ ಹೋಗಿ ಮೂರಕ್ಕೆ ನಾನೇ ಸ್ವಿಚ್ ಕೂರಿಸಿ ಬಂದಿದ್ದೇನೆ, ಕೂಲಿ ತೆಗೆದುಕೊಂಡಿಲ್ಲ. ಇನ್ನೆರಡರ ಮಾಲೀಕರು “ಚಾಟ್ನಿ ಮುಗಿಯಲಿ, ಆಮೇಲೆ ನೋಡೋಣ” ಎಂದಿದ್ದಾರೆ. ಈ ಭಾನುವಾರ ಮತ್ತೆ ಹೋಗುತ್ತೇನೆ. ಕಾಕಾನೂ ಬರುತ್ತೇನೆಂದು ಹೇಳಿದ್ದಾರೆ.