ಸೂಪರ್‌ಮಾರ್ಕೆಟ್ ಷೇರು "ಸೇಫ್" ಅಂತ ಯಾರಾದ್ರೂ ಹೇಳಿದ್ರೆ ತಗೊಳ್ಳೋ ಮುಂಚೆ ಇದನ್ನ ಓದಿ

ನಂಗೆ ಸೂಪರ್‌ಮಾರ್ಕೆಟ್ ಷೇರು ಕೊಡಿಸಿ ಮುಳುಗಿಸಿದ ಬ್ರೋಕರ್ ಆಫೀಸಿನ ಮನುಷ್ಯನಿಂದ ನಿನ್ನೆ ಮತ್ತೆ ಮೆಸೇಜ್ ಬಂತು. ಈ ಸಲ ಔಷಧಿ ಕಂಪನಿ ಷೇರಂತೆ. "ಜನಕ್ಕೆ ಕಾಯಿಲೆ ಬರೋದಂತೂ ನಿಲ್ಲಲ್ಲ ಸರ್" ಅಂತೆ. ಹೋದ ಸಲ ನನ್ನ ತಲೆಗೆ ಸೂಪರ್‌ಮಾರ್ಕೆಟ್ ಷೇರು ಕಟ್ಟುವಾಗ "ಜನ ತಿನ್ನೋದಂತೂ ನಿಲ್ಸಲ್ಲ ಸರ್" ಅಂದಿದ್ದ. ನೋಡಿ ಮೈಯೆಲ್ಲ ಉರಿದುಹೋಯ್ತು, ಅದಕ್ಕೇ ಬರೀತಿದೀನಿ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ನಾನು ಷೇರಿಗೆ ಹೊಸಬ ಏನಲ್ಲ, ಸಣ್ಣಪುಟ್ಟದ್ದು ತಗೊಂಡು ಮಾರಿ ಗೊತ್ತು. ಬ್ರೋಕರ್ ಆಫೀಸಿನ ರಿಲೇಶನ್‌ಶಿಪ್ ಮ್ಯಾನೇಜರ್ ಅಂತ ಈತ ಫೋನ್ ಮಾಡ್ತಿದ್ದ, ಮಾತು ಬೆಣ್ಣೆ. ಲಿಸ್ಟೆಡ್ ಕಂಪನಿ ಸರ್, ಆಡಿಟ್ ಆಗಿರೋ ಲೆಕ್ಕ, ಯಾವಾಗ ನೋಡಿದ್ರೂ ಬಿಲ್ಲಿಂಗ್ ಕೌಂಟರಲ್ಲಿ ಕ್ಯೂ, ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚೋ ಲಾಭದ ಪಾಲು) 9 ಪರ್ಸೆಂಟ್ ಬೀಳುತ್ತೆ, ಬ್ಯಾಂಕಲ್ಲಿಟ್ರೆ ಸಿಗುತ್ತಾ, ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ಟೇ ಸೂಪರ್‌ಮಾರ್ಕೆಟ್ ಷೇರು ತಗೊಂಡಿದ್ರು ಸರ್, ಹೀಗೆ ಉಸಿರು ಬಿಡದೆ ಹೇಳ್ದ. ಕೊನೇಲಿ "ಎಕ್ಸ್ ಡೇಟ್‌ಗೆ ಎರಡೇ ದಿನ ಇದೆ, ಇವತ್ತೇ ತಗೊಂಡ್ರೆ ಡಿವಿಡೆಂಡ್ ನಿಮ್ದು" ಅಂದ. ಎಕ್ಸ್ ಡೇಟ್ ಅಂದ್ರೆ, ಆ ದಿನದಿಂದ ಷೇರು ತಗೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗಲ್ಲ. ತಗೊಂಡೆ. ಮೂರು ವರ್ಷ ಕೂಡಿಟ್ಟಿದ್ದ ದುಡ್ಡು. ಅದು ಸಾಲದು ಅಂತ ನನ್ನ ಭಾಮೈದನಿಗೂ ಹೇಳಿ ತಗೊಳ್ಳೋ ಹಾಗೆ ಮಾಡಿದೆ, ಇದೊಂದು ತಪ್ಪಿಗೆ ಈಗಲೂ ಅವನ ಮುಖ ನೋಡೋಕಾಗ್ತಿಲ್ಲ.

ಬಫೆಟ್ ವಿಷಯ ಆಮೇಲೆ ಹುಡುಕಿ ಓದಿದೆ. ಹೌದು, ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ ಷೇರು ತಗೊಂಡಿದ್ರು, 2014ರಲ್ಲಿ ನಷ್ಟಕ್ಕೆ ಮಾರಿದ್ರು. ತೆರಿಗೆ ಕಳೆದು 444 ಮಿಲಿಯನ್ ಡಾಲರ್ ನಷ್ಟ ಅಂತ ತಮ್ಮ ಷೇರುದಾರರ ಪತ್ರದಲ್ಲಿ ಅವರೇ ಬರೆದಿದಾರೆ. ಆ ಅರ್ಧ ಕಥೆ ನಂಗೆ ಹೇಳಲೇ ಇಲ್ಲ!

ಎಕ್ಸ್ ಡೇಟ್ ದಿನ ರೇಟು ಡಿವಿಡೆಂಡ್ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ ಇಳೀತು. ಅದು ಎಲ್ರಿಗೂ ಗೊತ್ತಿರೋದೇ, ನಂಗೂ ಗೊತ್ತಿತ್ತು. "ವಾರದಲ್ಲಿ ಮೇಲೆ ಬರುತ್ತೆ ಸರ್" ಅಂದ. ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಇಳೀತಾನೇ ಹೋಯ್ತು. ಆಮೇಲೆ ಒಂದು ರಾತ್ರಿ ಆನ್ಯುಯಲ್ ರಿಪೋರ್ಟ್ ತೆಗೆದು ಕೂತೆ. ತಗೊಳ್ಳೋ ಮುಂಚೆ ಕೂರಬೇಕಿತ್ತು, ಗೊತ್ತು, ದಯವಿಟ್ಟು ಯಾರೂ ಅದನ್ನೇ ಹೇಳ್ಬೇಡಿ.

ಲಾಭ ಜಾಸ್ತಿ ಆಗಿದ್ದು ಸಾಮಾನು ಮಾರಿ ಅಲ್ಲ. ಅಂಗಡಿ ಕಟ್ಟಡಗಳನ್ನೇ ಮಾರಿದಾರೆ! ಸ್ವಂತ ಕಟ್ಟಡ ಮಾರಿ, ಅದೇ ಕಟ್ಟಡಕ್ಕೆ ವರ್ಷಗಟ್ಟಲೆ ಬಾಡಿಗೆ ಕಟ್ತೀವಿ ಅಂತ ಬರ್ಕೊಟ್ಟು, ಬಂದ ದುಡ್ಡಲ್ಲಿ ನಮಗೆ ಡಿವಿಡೆಂಡ್ ಹಂಚಿದಾರೆ. ಅಂದ್ರೆ ನಂಗೆ ಬಂದಿದ್ದು ಲಾಭದ ಪಾಲಲ್ಲ, ಮನೆ ಮಾರಿದ ದುಡ್ಡು. ಹಳೇ ಅಂಗಡಿಗಳ ವ್ಯಾಪಾರ ಮಾತ್ರ ತೆಗೆದು ನೋಡಿದ್ರೆ ಎರಡು ವರ್ಷದಿಂದ ಇಳೀತಿದೆ, ಹೊಸ ಅಂಗಡಿ ತೆರೆದು ಒಟ್ಟು ಸೇಲ್ಸ್ ಏರಿಸಿ ತೋರಿಸಿದಾರೆ. ನಾನು "ಸಾಲ" ಅಂತ ಬರೆದಿರೋ ಅಂಕಿ ಒಂದನ್ನೇ ನೋಡಿ ಪರವಾಗಿಲ್ಲ ಅಂದ್ಕೊಂಡಿದ್ದೆ. ಲೀಸ್ ಬಾಧ್ಯತೆ, ಅಂದ್ರೆ ಮುಂದೆ ಕಟ್ಟಲೇಬೇಕಾದ ಬಾಡಿಗೆ, ಅಂತ ಅದರ ಕೆಳಗೇ ಬೇರೆ ಇತ್ತು, ಸಾಲಕ್ಕಿಂತ ದೊಡ್ಡದು. 2019ರಿಂದ ಐಎಫ್‌ಆರ್‌ಎಸ್ 16 ಅನ್ನೋ ಲೀಸ್ ಲೆಕ್ಕದ ಅಂತಾರಾಷ್ಟ್ರೀಯ ನಿಯಮ ಬಂದ ಮೇಲೆ ಅದು ಬ್ಯಾಲೆನ್ಸ್ ಶೀಟಲ್ಲೇ ಕಾಣುತ್ತೆ, ಮೂಲೇಲೆಲ್ಲೂ ಬಚ್ಚಿಟ್ಟಿರಲಿಲ್ಲ, ಕಣ್ಣೆದುರಿಗೇ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದೆ. ಆತ ಏನಂದ ಗೊತ್ತಾ? "ಎಲ್ಲಾ ರಿಪೋರ್ಟಲ್ಲೇ ಇದೆಯಲ್ಲ ಸರ್, ನೀವು ಓದಿಲ್ವಾ?" ನೀವು ಓದಿಲ್ವಾ! ಎರಡೇ ದಿನ ಇದೆ ಬೇಗ ಬೇಗ ಅಂತ ಕುತ್ತಿಗೆ ಮೇಲೆ ಕೂತವನೇ ಈ ಮಾತು ಹೇಳೋದು. ನೀವೇ ತಾನೇ ಸೇಫ್ ಅಂದಿದ್ದು ಅಂದೆ. "ನಾನು ನನ್ನ ವ್ಯೂ ಹೇಳ್ದೆ ಸರ್, ಡಿಸಿಶನ್ ನಿಮ್ದು" ಅಂದ. ಕಂಪನಿ ಇನ್ವೆಸ್ಟರ್ ವಿಭಾಗಕ್ಕೆ ಮೇಲ್ ಹಾಕಿದೆ, ಮುಂದಿನ ವರ್ಷವೂ ಇಷ್ಟೇ ಡಿವಿಡೆಂಡ್ ಕೊಡ್ತೀರಾ, ಎಲ್ಲಿಂದ ಕೊಡ್ತೀರಾ ಅಂತ ನೇರವಾಗಿ ಕೇಳಿದೆ. ಹನ್ನೆರಡು ದಿನ ಬಿಟ್ಟು ಉತ್ತರ ಬಂತು, ಷೇರುದಾರರ ಮೌಲ್ಯ ಹೆಚ್ಚಿಸಲು ಬದ್ಧರಾಗಿದ್ದೇವೆ ಅಂತ ಎರಡು ಸಾಲು. ಮುಂದಿನ ವರ್ಷ ಡಿವಿಡೆಂಡೇ ಇಲ್ಲ, ಬದಲಿಗೆ ರೈಟ್ಸ್ ಇಶ್ಯೂ ತಂದ್ರು. ಮಾರ್ಕೆಟ್ ರೇಟಿಗಿಂತ ಕಮ್ಮಿಗೆ ಹೊಸ ಷೇರು, ನಾವು ಇನ್ನೂ ದುಡ್ಡು ಹಾಕ್ಬೇಕು, ಇಲ್ಲಾಂದ್ರೆ ನಮ್ಮ ಪಾಲು ಕರಗುತ್ತೆ. ನಾನು ಹಾಕಲಿಲ್ಲ. ಭಾಮೈದ ಹಾಕಿದ, ಅದೂ ಹೋಯ್ತು.

ಈ ವ್ಯಾಪಾರದಲ್ಲಿ ನಿವ್ವಳ ಲಾಭ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಅಷ್ಟೇ, ಅಂಗಡಿ ತುಂಬಿ ತುಳುಕಿದ್ರೂ ಅಷ್ಟೇ. ಆ ಮೂರರಲ್ಲೂ ಆಟ ಆಡೋಕಾಗುತ್ತೆ. ಸಪ್ಲೈಯರ್‌ಗಳು ಕೊಡೋ ರಿಯಾಯಿತಿ ದುಡ್ಡನ್ನ ಬರೋ ಮುಂಚೇನೇ ಲಾಭಕ್ಕೆ ಬರ್ಕೊಂಡಿದ್ದು ಟೆಸ್ಕೊ, 2014ರಲ್ಲಿ ಸಿಕ್ಕಿಬಿತ್ತು, ಲಾಭ ಇಷ್ಟು ಜಾಸ್ತಿ ತೋರಿಸಿದ್ವಿ ಅಂತ ಕಂಪನಿ ಮೊದಲು ಹೇಳಿದ ಅಂಕಿಯೇ 250 ಮಿಲಿಯನ್ ಪೌಂಡ್. ಅದಕ್ಕೂ ಮುಂಚೆ 2003ರ ಫೆಬ್ರವರಿಯಲ್ಲಿ ಡಚ್ಚರ ಸೂಪರ್‌ಮಾರ್ಕೆಟ್ ಕಂಪನಿ ಅಹೋಲ್ಡ್, ಅದೂ ಸಪ್ಲೈಯರ್ ರಿಯಾಯಿತಿ ಲೆಕ್ಕವೇ, ಒಂದೇ ದಿನದಲ್ಲಿ ಷೇರು 60 ಪರ್ಸೆಂಟ್‌ಗಿಂತ ಜಾಸ್ತಿ ಬಿತ್ತು. ಲಿಸ್ಟೆಡ್ ಕಂಪನಿಗಳೇ, ಆಡಿಟ್ ಆದ ಲೆಕ್ಕಗಳೇ.

ಈಗ ಯಾರಾದ್ರೂ ಡಿವಿಡೆಂಡ್ ತೋರಿಸಿದ್ರೆ ಕ್ಯಾಶ್ ಫ್ಲೋ ಪುಟ ತೆಗೀರಿ, ಆ ದುಡ್ಡು ಸಾಮಾನು ಮಾರಿ ಬಂತಾ ಆಸ್ತಿ ಮಾರಿ ಬಂತಾ ನೋಡಿ. ಹಳೇ ಅಂಗಡಿಗಳ ಸೇಲ್ಸ್ ಬೇರೆ ಕೇಳಿ, ಲೀಸ್ ಸೇರಿಸಿ ಸಾಲ ಕೂಡಿಸಿ. "ಇವತ್ತೇ" ಅನ್ನೋ ಮಾತು ಬಂದ್ರೆ ಫೋನ್ ಇಟ್ಬಿಡಿ. ಫೋನಲ್ಲಿ ಹೇಳಿದ್ದನ್ನೆಲ್ಲ ಮೆಸೇಜಲ್ಲಿ ಬರೆದು ಕಳ್ಸೋಕೆ ಹೇಳಿ, ನಾನು ಹೇಳಲಿಲ್ಲ, ಹಾಗಾಗಿ ಬ್ರೋಕರ್ ಕಂಪನಿಗೆ ದೂರು ಕೊಟ್ಟಾಗ "ಅಂಥ ಭರವಸೆ ಕೊಟ್ಟಿರೋ ದಾಖಲೆ ಇಲ್ಲ" ಅಂತ ಮುಗಿಸಿಬಿಟ್ರು. ನಿನ್ನೆ ಬಂದ ಔಷಧಿ ಕಂಪನಿ ಮೆಸೇಜನ್ನ ಮಾತ್ರ ಸ್ಕ್ರೀನ್‌ಶಾಟ್ ತೆಗೆದಿಟ್ಟಿದೀನಿ, ಇವತ್ತು ಅದನ್ನೂ ಸೇರಿಸಿ ಮತ್ತೆ ದೂರು ಕಳ್ಸಿದೀನಿ.