ಜಿನೋವಾ ಕಾಲ್ನಡಿಗೆ: ಬೆಳಗ್ಗೆ ಅರಮನೆ ಬೀದಿ, ಮಧ್ಯಾಹ್ನ ಕಡಲೆಹಿಟ್ಟು

ಇಟಲಿಯ ಮಿಲಾನ್‌ನಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ಸಿಗುವ ಬಂದರು ಊರು ಜಿನೋವಾ. ಆದರೂ ಹೆಚ್ಚಿನವರಿಗೆ ಇದು ಚಿಂಕ್ವೆ ತೆರ್ರೆ ಎಂಬ ಕಡಲಂಚಿನ ಐದು ಹಳ್ಳಿಗಳಿಗೆ ಹೋಗುವಾಗ ಗಾಡಿ ಬದಲಿಸುವ ಸ್ಟೇಷನ್ ಅಷ್ಟೆ. ಇಳಿದವರೂ ನೆಟ್ಟಗೆ ಬಂದರಿನ ಅಕ್ವೇರಿಯಂಗೆ ಹೋಗಿ ವಾಪಸಾಗುತ್ತಾರೆ. ಮಕ್ಕಳು ಜೊತೆಗಿಲ್ಲದಿದ್ದರೆ ಅಕ್ವೇರಿಯಂ ಬಿಟ್ಟುಬಿಡಿ. ಟಿಕೆಟ್ ದುಬಾರಿ, ಅರ್ಧ ದಿನ ಅಲ್ಲೇ ಕಳೆಯುತ್ತದೆ. ಈ ಊರಿನ ಸತ್ವವೆಲ್ಲ ಗಲ್ಲಿಗಳಲ್ಲಿದೆ. ಅದನ್ನು ಗುಡ್ಡದ ಕಡೆಯಿಂದ ಸಮುದ್ರದ ಕಡೆಗೆ ಇಳಿಯುತ್ತಾ ನೋಡಬೇಕು. ಬಂದರಿನಿಂದ ಶುರುಮಾಡಿದರೆ ಬಿಸಿಲೇರುವ ಹೊತ್ತಿಗೆ ಏರು ಹತ್ತಬೇಕಾಗುತ್ತದೆ.

ಇಳಿಯಬೇಕಾದ್ದು ಪ್ರಿಂಚಿಪೆ ನಿಲ್ದಾಣದಲ್ಲಿ. ಅಲ್ಲಿಂದ ವಿಯಾ ಬಾಲ್ಬಿ ಹಿಡಿದು ನಡೆದರೆ ಸುಮಾರು ಇಪ್ಪತ್ತು ನಿಮಿಷಕ್ಕೆ ವಿಯಾ ಗರಿಬಾಲ್ದಿ. 1550ರ ದಶಕದಲ್ಲಿ ಸಾಹುಕಾರ ಮನೆತನಗಳು ಎದುರುಬದುರು ಅರಮನೆ ಕಟ್ಟಿಸಿಕೊಂಡ ಬೀದಿ ಇದು. ಉದ್ದ ಕಾಲು ಕಿಲೋಮೀಟರ್ ಅಷ್ಟೇ. ಆಗಿನ ಜಿನೋವಾ ಗಣರಾಜ್ಯಕ್ಕೆ ಬಂದ ರಾಜರು, ರಾಯಭಾರಿಗಳನ್ನು ಇಳಿಸಿಕೊಳ್ಳುವ ಸರದಿ ಯಾರದ್ದು ಎಂದು ಪಟ್ಟಿ ಮಾಡುತ್ತಿದ್ದರು. ರೋಲ್ಲಿ ಎಂಬ ಆ ಪಟ್ಟಿಗಳಲ್ಲಿದ್ದ ಅರಮನೆಗಳ ಪೈಕಿ 42 ಅರಮನೆಗಳು 2006ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಈಗ ಮ್ಯೂಸಿಯಂ ಆಗಿರುವ ರೋಸ್ಸೊ, ಬಿಯಾಂಕೊ, ತುರ್ಸಿ ಅರಮನೆಗಳು ಮೂರಕ್ಕೂ ಒಂದೇ ಟಿಕೆಟ್. ಸೋಮವಾರ ರಜೆ, ಹಾಗಾಗಿ ಆ ದಿನ ಬೇಡವೇ ಬೇಡ. ಸಮಯ ಕಡಿಮೆಯಿದ್ದರೆ ರೋಸ್ಸೊ ಸಾಕು: ವ್ಯಾನ್ ಡೈಕ್ ಬರೆದ ಭಾವಚಿತ್ರಗಳಿವೆ, ಮೇಲೆ ಛಾವಣಿಯಿಂದ ಊರು ಕಾಣುತ್ತದೆ. ಹೆಸರಾಂತ ಸಂಗೀತಗಾರ ಪಗಾನಿನಿಯ ಪಿಟೀಲು ಇರುವುದು ತುರ್ಸಿಯಲ್ಲಿ. ಉಳಿದ ಅರಮನೆಗಳಲ್ಲಿ ಕೆಲವು ಈಗ ಬ್ಯಾಂಕುಗಳು. ಕೆಲಸದ ದಿನ ಬಾಗಿಲು ತೆರೆದಿದ್ದರೆ ಅಂಗಳದವರೆಗೆ ಇಣುಕಿ ಬರಬಹುದು.

ಬೀದಿಯ ಪಕ್ಕದಲ್ಲೇ ಪೊರ್ತೆಲ್ಲೊ ಚೌಕ. ಹೆಂಚು ಹಾಸಿದ ಸುರಂಗದೊಳಗೆ ನಡೆದರೆ ಕಾಸ್ತೆಲ್ಲೆತ್ತೊ ಲಿಫ್ಟ್ ಸಿಗುತ್ತದೆ. ಮೇಲೆ ನಿಂತರೆ ಬೂದು ಸ್ಲೇಟ್ ಛಾವಣಿಗಳು, ಬಂದರಿನ ಕ್ರೇನುಗಳು, ಬಲಕ್ಕೆ 1543ರ ದೀಪಸ್ತಂಭ ಲಾಂತೆರ್ನ, ಎಲ್ಲವೂ ಒಂದೇ ನೋಟಕ್ಕೆ. ದೀಪಸ್ತಂಭ ಇಲ್ಲಿಂದ ಕಂಡಷ್ಟೇ ಸಾಕು, ಅಲ್ಲಿಗೇ ನಡೆದು ಹೋಗುವ ದಾರಿ ನೀರಸ. ಇಳಿಯುವಾಗ ಲಿಫ್ಟ್ ಬೇಡ, ಇಟ್ಟಿಗೆ ಹಾಸಿದ ಇಳಿಜಾರು ದಾರಿ ಹಿಡಿಯಿರಿ. ಮಳೆ ಬಂದಿದ್ದರೆ ಮಾತ್ರ ಜೋಕೆ, ಸವೆದ ಕಲ್ಲು ಜಾರುತ್ತದೆ. ನುಣುಪು ಅಟ್ಟೆಯ ಬೂಟು ಈ ಊರಿಗೆ ಆಗಿಬರುವುದಿಲ್ಲ.

ಇನ್ನು ಗಲ್ಲಿಗಳು. ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಇಕ್ಕಟ್ಟು, ಎರಡು ಬದಿಗೂ ಆರೇಳು ಅಂತಸ್ತು. ಫೋನಿನ ಮ್ಯಾಪ್ ಇಲ್ಲಿ ತಬ್ಬಿಬ್ಬಾಗುತ್ತದೆ, ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಜಿಗಿಯುತ್ತದೆ. ಅದಕ್ಕಿಂತ ದೊಡ್ಡ ಗೊಂದಲ ಬಾಗಿಲ ನಂಬರಿನದು. ಮನೆಗಳಿಗೆ ಕಪ್ಪು ನಂಬರು, ಅಂಗಡಿಗಳಿಗೆ ಕೆಂಪು ನಂಬರು, ಎರಡೂ ಬೇರೆ ಬೇರೆ ಸರಣಿ. ವಿಳಾಸದಲ್ಲಿ 36ರ ಪಕ್ಕ ಇಂಗ್ಲಿಷ್ ‘ಆರ್’ ಅಕ್ಷರ ಇದ್ದರೆ ಅದು ಕೆಂಪು 36. ಕಪ್ಪು 36ರ ಮುಂದೆ ನಿಂತು ಹೋಟೆಲ್ ಮುಚ್ಚಿದೆ ಎಂದುಕೊಳ್ಳುವವರೇ ಬಹಳ. ಸಂಜೆ ಅಂಗಡಿ ಮುಚ್ಚಿದ ಮೇಲೆ ಮದ್ದಲೆನಾ, ಪ್ರೆ ಸುತ್ತಲಿನ ಸಂದಿಗಳನ್ನು ಬಿಟ್ಟು ದೊಡ್ಡ ಬೀದಿಯಲ್ಲೇ ನಡೆಯುವುದು ಒಳ್ಳೆಯದು.

ಸಾನ್ ಲೂಕಾ ಗಲ್ಲಿ ಮುಗಿಯುವುದು ಬಾಂಕಿ ಚೌಕದಲ್ಲಿ. ಅಲ್ಲಿನ ಚರ್ಚು ನೆಲದ ಮಟ್ಟದಲ್ಲಿಲ್ಲ, ಅಂಗಡಿಗಳ ತಲೆಯ ಮೇಲೆ ಕೂತಿದೆ. ಕೆಳಗಿನ ಮಳಿಗೆಗಳನ್ನು ಮಾರಿದ ಹಣದಲ್ಲೇ ಅದನ್ನು ಕಟ್ಟಿದ್ದು. ಈ ಊರಿನ ವ್ಯಾಪಾರಬುದ್ಧಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಊಟಕ್ಕೆ ಅದರ ಪಕ್ಕದ ಸೊತ್ತೊರಿಪ ಕಮಾನುಸಾಲು. ಸಸ್ಯಾಹಾರಿಗಳಿಗೆ ಜಿನೋವಾದಷ್ಟು ಒಲಿಯುವ ಬಂದರು ಊರು ಅಪರೂಪ. ಫರಿನಾತ ಕೇಳಿ. ಒಂದು ಪಾಲು ಕಡಲೆಹಿಟ್ಟಿಗೆ ಸುಮಾರು ಮೂರು ಪಾಲು ನೀರು, ಉಪ್ಪು, ಧಾರಾಳವಾಗಿ ಆಲಿವ್ ಎಣ್ಣೆ, ಬೇರೇನೂ ಇಲ್ಲ. ಹಿಟ್ಟನ್ನು ಗಂಟೆಗಟ್ಟಲೆ ನೆನೆಯಲು ಬಿಟ್ಟು, ಮೇಲೆ ಬಂದ ನೊರೆ ತೆಗೆದು, ಕಲಾಯಿ ಹಾಕಿದ ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಸುರಿದು ಸೌದೆ ಒಲೆಗೆ ತಳ್ಳುತ್ತಾರೆ. ಅಂಚು ಬಜ್ಜಿಯಂತೆ ಗರಿಗರಿ, ಒಳಗೆ ಮೆತ್ತಗೆ. ಆರಿದರೆ ರಬ್ಬರು, ಆದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿಟ್ಟ ತುಂಡು ಬೇಡ. ಹೊಸ ತಟ್ಟೆ ಒಲೆಯಿಂದ ಹೊರಬರುವವರೆಗೆ ಕಾದು, ಕಾಳುಮೆಣಸಿನ ಪುಡಿ ಉದುರಿಸಿಕೊಂಡು ತಿನ್ನಿ. ‘ಬಿಯಾಂಕೆತ್ತಿ’ ಎಂದು ಬರೆದಿದ್ದರೆ ಅದರಲ್ಲಿ ಮೀನುಮರಿ ಇರುತ್ತದೆ. ಆಲಿವ್ ಎಣ್ಣೆಯ ಚಪ್ಪಟೆ ಬ್ರೆಡ್ಡು ಫೊಕಾಚ್ಚ ತೂಕದ ಲೆಕ್ಕದಲ್ಲಿ ಸಿಗುತ್ತದೆ, ‘ಉನ್ ಎತ್ತೊ’ ಎಂದರೆ ನೂರು ಗ್ರಾಂ. ಬೇಸಿಲ್ ಎಲೆ ಅರೆದು ಮಾಡುವ ಪೆಸ್ಟೊದಲ್ಲಿ ಬೆಳ್ಳುಳ್ಳಿಯಿದೆ. ಅದಕ್ಕೆ ಹಾಕುವ ಪಾರ್ಮೆಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಜಠರದ ಕಿಣ್ವದಿಂದ. ಕಟ್ಟುನಿಟ್ಟಿನವರು ಇದನ್ನು ತಿಳಿದೇ ಆರ್ಡರ್ ಮಾಡಬೇಕು. ಕೂತು ಉಂಡರೆ ಬಿಲ್ಲಿನಲ್ಲಿ ತಲೆಗೆ ಎರಡು ಮೂರು ಯೂರೋ ‘ಕೊಪೆರ್ತೊ’ ಎಂಬ ಟೇಬಲ್ ಶುಲ್ಕ ಸೇರುತ್ತದೆ. ಅದು ಮೋಸವಲ್ಲ, ಪದ್ಧತಿ.

ಸಾನ್ ಲೊರೆಂಜೊ ಕೆಥೆಡ್ರಲ್ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಮೂರು ಗಂಟೆಯ ನಂತರ ಹೋಗಿ. ಒಳಗೆ ಬಲಬದಿಯಲ್ಲಿ 1941ರ ಫೆಬ್ರವರಿ 9ರಂದು ಬ್ರಿಟಿಷ್ ನೌಕಾಪಡೆ ಹಾರಿಸಿದ, ಸಿಡಿಯದೇ ಉಳಿದ ಶೆಲ್ ಇಟ್ಟಿದ್ದಾರೆ. ಹತ್ತಿರದ ಸಾನ್ ಮತ್ತೇಓ ಚರ್ಚಿನ ಕಪ್ಪು ಬಿಳಿ ಪಟ್ಟೆಗಳನ್ನು ಹತ್ತಿರದಿಂದ ನೋಡಿ: ಬಿಳಿ ಕಲ್ಲಿನ ಮೇಲೆ ದೋರಿಯಾ ಮನೆತನದ ನೌಕಾಯುದ್ಧಗಳ ಗೆಲುವುಗಳನ್ನು ಸಾಲಾಗಿ ಕೆತ್ತಿಸಿದ್ದಾರೆ. ಪೊರ್ತಾ ಸೊಪ್ರಾನ ಬಳಿಯ ‘ಕೊಲಂಬಸ್ ಮನೆ’ಗೆ ದುಡ್ಡು ದಂಡ. 1684ರ ಫ್ರೆಂಚ್ ದಾಳಿಯಲ್ಲಿ ಮೂಲ ಮನೆ ಹಾಳಾಗಿ, ಈಗಿರುವುದು 18ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಪಕ್ಕದ ಸಾಂತ್ ಅಂದ್ರೆಯಾ ಕಂಬಸಾಲಿನ ಅಂಗಳಕ್ಕೆ ಟಿಕೆಟ್ಟೇ ಇಲ್ಲ.

ದೊಡ್ಡ ಕೊರತೆ ಒಂದೇ. ಬಂದರಿಗೂ ಊರಿಗೂ ನಡುವೆ 1965ರಲ್ಲಿ ಕಟ್ಟಿದ ಮೇಲ್ಸೇತುವೆ ರಸ್ತೆ ಸಮುದ್ರವನ್ನು ಮರೆಮಾಡಿಬಿಟ್ಟಿದೆ. ಅಲೆ ನೋಡಬೇಕೆಂದರೆ ಸಂಜೆ ಬಸ್ಸಿನಲ್ಲಿ ಬೊಕ್ಕದಾಸ್ಸೆ ಎಂಬ ಹಳೆಯ ಮೀನುಗಾರರ ಕೇರಿಗೆ ಹೋಗಬೇಕು. ಹತ್ತಿದ ಕೂಡಲೇ ಟಿಕೆಟನ್ನು ಮೆಷಿನ್ನಿಗೆ ಹಾಕಿ ಮುದ್ರೆ ಒತ್ತಿಸಿ, ಇಲ್ಲವಾದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ ತೆರಬೇಕು. ವಾಪಸ್ ರೈಲಿಗೆ ಪ್ರಿಂಚಿಪೆಗಿಂತ ಬ್ರಿಞೋಲೆ ನಿಲ್ದಾಣ ಅಲ್ಲಿಗೆ ಹತ್ತಿರ.