ಹಾರ್ಡ್ ಡಿಸ್ಕೋ, ಕ್ಲೌಡೋ?

ಕಳೆದ ಮಳೆಗಾಲದ ಒಂದು ಸಂಜೆ ಉಡುಪಿಯ ನಮ್ಮ ಮನೆಗೆ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟುಹೋಯಿತು. ಅದಕ್ಕೆ ಸಿಕ್ಕಿಸಿಯೇ ಬಿಟ್ಟಿದ್ದ ಬ್ಯಾಕಪ್ ಡಿಸ್ಕ್ ಕೂಡ ಹೋಯಿತು. ಅಜ್ಜಿಯ ಕೊನೆಯ ಚಿತ್ರಗಳು ಅದರಲ್ಲಿದ್ದವು.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಒಮ್ಮೆ ಹಣ ಕೊಟ್ಟರಾಯಿತು. ಮದುವೆಯ ವಿಡಿಯೊ, ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗ್ ಎಲ್ಲವೂ ಹಿಡಿಯುತ್ತದೆ, ಇಂಟರ್ನೆಟ್ ಬೇಡ. ಆದರೆ ನಕಲು ಮುಗಿದ ಕೂಡಲೇ ಕಳಚಿಡಿ. ಆಟಿ ತಿಂಗಳ ತೇವಕ್ಕೆ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗಿಟ್ಟರೆ ಒಳ್ಳೆಯದು.

ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಕಂಪನಿಯೊಂದರ ದೂರದ ಕಂಪ್ಯೂಟರ್‌ಗಳಲ್ಲಿ ಕಡತ ಇಡುವುದು; ಅದಕ್ಕೆ ನಿಮ್ಮ ಮನೆಯ ಸಿಡಿಲು ತಟ್ಟುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಉಚಿತ, ಜಿಮೇಲ್ ಮತ್ತು ಫೋಟೊಸ್ ಸೇರಿ. ಒಂದು ಎಚ್ಚರ: ಸಿಂಕ್ ಆಗಿರುವ (ಕಂಪ್ಯೂಟರ್ ಮತ್ತು ಕ್ಲೌಡ್ ಎರಡರಲ್ಲೂ ತಾನಾಗಿ ಒಂದೇ ರೀತಿ ಇರುವ) ಕಡತವನ್ನು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ ಉಳಿಯುವುದು 30 ದಿನ ಮಾತ್ರ.

ಮರುಪಡೆಯುವ ತಂತ್ರಾಂಶವನ್ನೇ ನಂಬಿ ಕೂರಬೇಡಿ. ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಕಡತ, ಆ ಜಾಗದಲ್ಲಿ ಬೇರೆಯದು ಬರೆಯುವ ತನಕ ಸಾಮಾನ್ಯವಾಗಿ ಉಳಿದಿರುತ್ತದೆ; ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಕಡತ ಇಡುವ ಎಸ್‌ಎಸ್‌ಡಿಯಲ್ಲಿ, ಅಳಿಸಿದ ಜಾಗ ಇನ್ನು ಬೇಡವೆಂದು ತಿಳಿಸುವ ಟ್ರಿಮ್ ಆದೇಶ ಹೋದ ಮೇಲೆ ಆಸೆ ಬಹಳ ಕಡಿಮೆ.

ಜಾಗದ ಪತ್ರ, ಅಂಕಪಟ್ಟಿ, ಆಯ್ದ ಚಿತ್ರಗಳಿಗೆ ನನ್ನ ಮತ ಕ್ಲೌಡ್‌ಗೆ. ವಿಡಿಯೊಗಳಿಗೆ ಎರಡು ಡಿಸ್ಕ್ ಕೊಂಡಿದ್ದೇನೆ. ಒಂದು ಈಗ ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದೆ.